ಗಿಳಿಗಳ ಪಾಲಿನ ಜೋಳ

ಅರವತ್ತರ ದಶಕದಲ್ಲಿ ನಾನು ಶಿವಮೊಗ್ಗದ ಅಂಗಡಿಯೊಂದರ ಪರವಾಗಿ, ಬೇಗ ಮಾಗುವ ಹೊಸ ಮುಸುಕಿನ ಜೋಳದ ಬೀಜ ಮಾರುತ್ತಿದ್ದೆ. ಹೊಳೆಹೊನ್ನೂರಿನ ಹತ್ತಿರ ತಾವೇ ನಿಂತು ಬೇಸಾಯ ಮಾಡಿಸುತ್ತಿದ್ದ ಗಂಗಮ್ಮನವರಿಗೆ, "ಊರಲ್ಲೆಲ್ಲ ಮೊದಲು ನಿಮ್ಮ ಹೊಲವೇ ಕೊಯ್ಲಿಗೆ ಬರುತ್ತಮ್ಮ" ಎಂದು ಜಂಬದಿಂದ ಹೇಳಿದೆ.

"ಹಂಗಾದ್ರೆ ಬೇಡಪ್ಪ. ಊರಿನ ಗಿಳಿಯೆಲ್ಲ ನನ್ನ ಹೊಲಕ್ಕೇ ಬರ್ತವೆ" ಎಂದರು.

ಇಂಥ ಮಾತನ್ನು ನನಗೆ ಯಾರೂ ಹೇಳಿರಲಿಲ್ಲ. ತಬ್ಬಿಬ್ಬಾದರೂ ಬಿಡಲಿಲ್ಲ. "ಅಕ್ಕಪಕ್ಕದವರೂ ಇದನ್ನೇ ಬಿತ್ತಿದರೆ?" ಎಂದೆ.

ಗಂಗಮ್ಮ ಸ್ವಲ್ಪ ಯೋಚಿಸಿ, ಬದುವಿನ ಮೇಲೆ ನಿಂತು ಸುತ್ತಲಿನ ಹೊಲದವರನ್ನೆಲ್ಲ ಕೂಗಿ ಕರೆದರು. ಸಂಜೆಯೊಳಗೆ ನನ್ನ ಬೀಜದ ಚೀಲ ಬರಿದಾಯಿತು.

ಕೊಯ್ಲಿನ ಹೊತ್ತಿಗೆ ಧೈರ್ಯವಾಗಿಯೇ ಹೋದೆ. ತೆನೆಗಳು ನಾನು ಹೇಳಿದ್ದಕ್ಕಿಂತ ಚೆನ್ನಾಗಿ ಬಂದಿದ್ದವು. "ಗಿಳಿ ಬಂದ್ವಾ ಅಮ್ಮ?" ಎಂದು ಕೇಳಿದೆ.

"ಬಂದ್ವು ಮಾರಾಯ. ಎಲ್ಲರ ಹೊಲದಲ್ಲೂ ಒಂದಿಷ್ಟು ತಿಂದ್ವು. ಅದಕ್ಕೇ ಈ ಸಲ ಯಾರಿಗೂ ಹೊಟ್ಟೆಕಿಚ್ಚಿಲ್ಲ!"