ಲಿಫ್ಟಮ್ಮನ ಬೆನ್ನ ಹಿಂದೆ ಬರುವುದು

ಮಹಾಶೂರರೆಲ್ಲ ಬಾಗಿಲು ಒಡೆದು ಹೆಸರು ಮಾಡಿದರು. ನಮ್ಮ ಲಿಫ್ಟಮ್ಮ ಬಾಗಿಲು ಹಿಡಿದು ಹೆಸರು ಮಾಡಿದಳು. ಆ ಹಳೆಯ ಕಚೇರಿ ಕಟ್ಟಡದ ಲಿಫ್ಟಿಗೆ ಅವಳೇ ಸಾರಥಿ. ಜನರನ್ನೆಲ್ಲ ಒಳಗೆ ತುಂಬಿಸಿ, ಕೊನೆಗೆ ತಾನು ಹತ್ತಿ, ತೀರಿಹೋದ ಗಂಡನ ಬೂದು ಶಾಲು ಹೊದ್ದ ಆ ಗಿಡ್ಡ ಹೆಂಗಸು ಬಾಗಿಲನ್ನು ಹಾಗೇ ಹಿಡಿದು ನಿಲ್ಲುವಳು. ಒಂದು ಉಸಿರಿನಷ್ಟು ಹೊತ್ತು. ಯಾರೂ ಬರುತ್ತಿರಲಿಲ್ಲ. ಆಮೇಲೆ "ಹೂಂ, ಬಂತು" ಎಂದು ಗುಂಡಿ ಒತ್ತುವಳು.

ಬಂದದ್ದೇನು? ಲೆಕ್ಕಪತ್ರ ವಿಭಾಗದವರು ಅದಕ್ಕೆ ಕಾಲಿಲ್ಲ ಎಂದರು. ಅಂಚೆಯವನು ಅದರ ತಣ್ಣನೆಯ ಬೆರಳು ತನ್ನ ಮಣಿಕಟ್ಟಿಗೆ ತಾಗಿತೆಂದು ಆಣೆ ಹಾಕಿದ. ಡೊಳ್ಳುಹೊಟ್ಟೆಯ ಕಾವಲುಗಾರನಂತೂ ಲಿಫ್ಟಿನ ಸಹವಾಸವೇ ಬೇಡವೆಂದು ಮೆಟ್ಟಿಲು ಹತ್ತಿ ಹತ್ತಿ ಕಡ್ಡಿಯಾದ.

ಮೇಲಿನ ಮಹಡಿಯಲ್ಲಿ ಹೊಸದಾಗಿ ಕೆಲಸಕ್ಕೆ ಸೇರಿದ್ದ ಲಿಫ್ಟಮ್ಮನ ತಂಗಿಯ ಮಗಳಿಗೆ ಮಾತ್ರ ಭಯ ಎದೆಗೇ ಇಳಿಯಿತು. ಹಿಂದೆ ಯಾರೋ ಬಂದಂತಾಗಿ ಬೀದಿಯಲ್ಲೂ ನಡೆಯಲಾರದಾದಳು.

"ದೊಡ್ಡಮ್ಮಾ, ಸೋಮವಾರ ರಾಜೀನಾಮೆ ಕೊಟ್ಬಿಡ್ತೀನಿ."

"ಕೊಡುವೆಯಂತೆ. ಭಾನುವಾರ ಅದೇನೋ ಆತ್ಮರಕ್ಷಣೆ ಸಮ್ಮೇಳನ ಇದೆಯಂತೆ. ಒದೆಯೋದು ಕಲಿತ್ಕೊಂಡು ಆಮೇಲೆ ಓಡು."

ಸಮ್ಮೇಳನ ನಡೆದದ್ದು ಅದೇ ಕಟ್ಟಡದ ನೆಲಮಾಳಿಗೆಯ ಸಭಾಂಗಣದಲ್ಲಿ. ಬೆಳಗ್ಗೆಯೆಲ್ಲ ಹಿಡಿದ ಕೈ ಬಿಡಿಸಿಕೊಳ್ಳುವುದು, ಗಂಟಲು ಬಿಚ್ಚಿ ಕೂಗುವುದು. ಮಧ್ಯಾಹ್ನ ಕಂಬದಂಥ ತರಬೇತುದಾರ ದೀಪ ತಗ್ಗಿಸಿ ಹೇಳಿದ: "ಕಣ್ಣು ಮುಚ್ಚಿ. ಒಬ್ರು ಹೊರಗಿಂದ ಬರ್ತಾರೆ. ಎಲ್ಲಿದ್ದಾರೆ ಅಂತ ಕಿವಿಯಿಂದಲೇ ತಿಳಿದು ಬೆರಳು ತೋರಿಸಿ. ಯಾರೋ ಇದ್ದಾರೆ ಅನ್ನಿಸಿದ್ರೆ ಸುಮ್ನಿರಬೇಡಿ, ಜೋರಾಗಿ ಕೇಳಿ." ಮಾದರಿಗೆಂದು ತಾನೂ ಕಣ್ಣು ಮುಚ್ಚಿದ. ಹೊರಗೆ ಹೋದವಳು, ಹುಡುಗಿಯ ಜೊತೆಗೆ ಬಂದಿದ್ದ ಲಿಫ್ಟಮ್ಮ.

ಬಾಗಿಲು ಕಿರ್ರೆಂದಿತು. ಚಪ್ಪಲಿಯ ಸಪ್ಪಳ ಒಳಗೆ ಬಂದು ನಿಂತಿತು. ಬಾಗಿಲು ಮುಚ್ಚಲಿಲ್ಲ. ಒಂದು ಉಸಿರು. ಆಮೇಲೆ ನೆಲಕ್ಕೆ ಮೈ ಉಜ್ಜಿಕೊಂಡು, ಸರ್ರ್... ಸರ್ರ್... ಎಂದು ಸದ್ದು ಮಾಡುತ್ತ ಇನ್ನೊಂದೇನೋ ಒಳಗೆ ಬಂತು.

"ಹೂಂ, ಬಂತು."

ಬಾಗಿಲು ಮುಚ್ಚಿತು. ಎಲ್ಲರೂ ಕಣ್ಣು ಬಿಟ್ಟರು. ಅರ್ಧ ಬೆರಳುಗಳು ಲಿಫ್ಟಮ್ಮನ ಕಡೆ. ಉಳಿದರ್ಧ ಅವಳ ಬೆನ್ನ ಹಿಂದಿನ ಖಾಲಿ ಕತ್ತಲೆಯ ಕಡೆ. ತರಬೇತುದಾರನ ಬೆರಳೂ ಅತ್ತಲೇ. ಬೆಳಗಿನಿಂದ ಗಟ್ಟಿಗರನ್ನೆಲ್ಲ ಮಗುಚಿ ಹಾಕಿದ್ದ ಆ ವೀರ ಮೆಲ್ಲಗೆ ಗೋಡೆಗೆ ಬೆನ್ನು ಹಚ್ಚಿದ. ಉಳಿದವರೂ ಅವನ ಪಕ್ಕಕ್ಕೆ ಸರಿದರು.

ಹುಡುಗಿ ಮಾತ್ರ ಮುಂದೆ ಬಂದು ಕೂಗಿಯೇಬಿಟ್ಟಳು:

"ದೊಡ್ಡಮ್ಮಾ! ನಿನ್ನ ಹಿಂದೆ ಬಂದಿದ್ದು ಯಾರು?"

ಲಿಫ್ಟಮ್ಮ ತಿರುಗಿ ನೋಡಿದಳು. ಬಗ್ಗಿ, ಕತ್ತಲೆಯೊಳಗಿಂದ ಮೊಳಗಟ್ಟಲೆ ಬೂದು ಬಟ್ಟೆಯನ್ನು ತನ್ನ ಕಡೆಗೆ ಎಳೆದುಕೊಂಡಳು.

"ಇದಾ? ನಿಮ್ಮ ದೊಡ್ಡಪ್ಪನ ಶಾಲು ಕಣೇ. ಅವರು ಉದ್ದ, ನಾನು ಗಿಡ್ಡ. ಒಂದ್ಸಲ ಬಾಗಿಲಿಗೆ ಸಿಕ್ಕಿ ಕುತ್ತಿಗೆ ಬಿಗಿದಿತ್ತು. ಅವತ್ತಿಂದ ತುದಿನ ಒಳಗೆ ಎಳ್ಕೊಳ್ಳೋವರೆಗೂ ಬಾಗಿಲು ಹಿಡ್ಕೊಂಡಿರ್ತೀನಿ. ನಾಳೆ ಕೆಲಸಕ್ಕೆ ಬರುವಾಗ ಸೂಜಿದಾರ ತಗೊಂಡು ಬಾ, ಮಡಿಸಿ ಹೊಲಿದ್ಬಿಡೋಣ."