ಡಬಲ್ ಬೆಲ್ಲು

ಅಥವಾ ಒಂದೇ ಸಲ ಎಳೆದೆನೋ ಏನೋ. ಇವತ್ತು ಬೆಳಗ್ಗಿನ ಮಾತು ಇದು, ಇನ್ನೂ ಒಂದು ದಿನವೂ ಆಗಿಲ್ಲ, ಆದರೂ ಖಾತ್ರಿಯಿಲ್ಲ. ಅಂಗಳದಲ್ಲಿ ಬಟ್ಟೆ ಒಣಗಿಸಲು ಕಟ್ಟಿದ ನೈಲಾನ್ ಹಗ್ಗಕ್ಕೆ ಒದ್ದೆ ಲುಂಗಿ ಹಾಕಲೆಂದು ಬಲಗೈ ಎತ್ತಿದೆ. ಕೈ ಲುಂಗಿಯನ್ನು ಮರೆತು ಹಗ್ಗವನ್ನು ಹಿಡಿಯಿತು. ಹಿಡಿದು ಎಳೆಯಿತು. ಎರಡು ಸಲ ಎಂದು ಶಶಿಕಲಾ ಹೇಳುತ್ತಾಳೆ. ಶಶಿಕಲಾ ನನ್ನ ಹೆಂಡತಿ. ಈಗ ನನ್ನ ನೆನಪಿನ ಅರ್ಧಭಾಗವೂ ಅವಳೇ.

"ಎಂತ, ಬಸ್ಸು ಹೊರಟಿತಾ?" ಎಂದು ಬಕೆಟ್ ಹಿಡಿದುಕೊಂಡೇ ನಕ್ಕಳು. ಆಮೇಲೆ ನನ್ನ ಮುಖ ನೋಡಿ ನಗು ನಿಲ್ಲಿಸಿದಳು.

ನೀವು ನಮ್ಮ ಮಂಜೇಶ್ವರದ ಕಡೆಯ ಬಸ್ಸುಗಳಲ್ಲಿ ಓಡಾಡಿದವರಲ್ಲದಿದ್ದರೆ ಇದನ್ನು ಹೇಳಬೇಕಾಗುತ್ತದೆ. ಕೇರಳದ ಬಸ್ಸಿನಲ್ಲಿ ಮಾಡಿನ ಕೆಳಗೆ ಹಿಂದಿನಿಂದ ಮುಂದಿನವರೆಗೆ ಒಂದು ಹಗ್ಗ ಹೋಗುತ್ತದೆ, ಡ್ರೈವರನ ತಲೆಯ ಬಳಿ ಅದರ ತುದಿಗೆ ಬೆಲ್ಲು. ಒಂದು ಎಳೆದರೆ ನಿಲ್ಲು, ಎರಡು ಎಳೆದರೆ ಹೊರಡು. ಮಂಗಳೂರಿನ ಬಸ್ಸುಗಳಲ್ಲಿ ಹಗ್ಗವಿಲ್ಲ, ಕಂಡಕ್ಟರ್ ವಿಸಿಲ್ ಊದುತ್ತಾನೆ. ಹೊಸಂಗಡಿಯ ಸ್ಟಾಪಿನಲ್ಲಿ ಎರಡೂ ಜಾತಿಯ ಬಸ್ಸುಗಳು ಒಂದರ ಬಾಲಕ್ಕೆ ಒಂದು ಮೂಗು ತಾಗಿಸಿಕೊಂಡು ನಿಲ್ಲುತ್ತವೆ. ನಾನು ಹಗ್ಗದವನು. ಹತ್ತೊಂಬತ್ತು ವರ್ಷ ಕಂಡಕ್ಟರನಾಗಿದ್ದೆ.

ನಾನು ಬಿದ್ದದ್ದು ಅದೇ ಸ್ಟಾಪಿನಲ್ಲಿ, ಕಳೆದ ವರ್ಷ, ಮಳೆ ಶುರುವಾಗುವ ಮೊದಲು. ಹಿಂದಿನ ಬಾಗಿಲಿನಿಂದ ಒಬ್ಬ ಅಜ್ಜಿಯನ್ನು ಇಳಿಸಿ, ಅವರ ಚೀಲವನ್ನೂ ಇಳಿಸಿ, ಒಂದು ಕಾಲನ್ನು ಮೆಟ್ಟಿಲ ಮೇಲೆ ಇಟ್ಟಿದ್ದೆ. ಬಸ್ಸು ಹೊರಟಿತು. ತಲೆಯ ಹಿಂಭಾಗ ರಸ್ತೆಯ ಅಂಚಿಗೆ ಬಡಿಯಿತು. ಇಷ್ಟನ್ನು ಜನ ಹೇಳಿ ನನಗೆ ಗೊತ್ತು. ಕೇಳಿ ಕೇಳಿ ಈಗ ನನ್ನೊಳಗೆ ಅದರ ಚಿತ್ರವೂ ಉಂಟಾಗಿದೆ. ಆ ಚಿತ್ರದಲ್ಲಿ ನಾನು ಬೀಳುವುದನ್ನು ನಾನೇ ಹಿಂದಿನಿಂದ ನೋಡುತ್ತೇನೆ. ತಾನು ಬೀಳುವುದನ್ನು ಹಿಂದಿನಿಂದ ನೋಡಿದವರು ಯಾರಿದ್ದಾರೆ? ಹಾಗಾಗಿ ಆ ಚಿತ್ರ ನನ್ನದಲ್ಲ. ಬಹುಶಃ ಪಕ್ಕದ ಹಣ್ಣಿನಂಗಡಿಯವನದು.

ಆಸ್ಪತ್ರೆಯಲ್ಲಿ ಎಚ್ಚರವಾದಾಗ ಪಕ್ಕದ ಹಾಸಿಗೆಯವರನ್ನು "ಎಲ್ಲಿಗೆ?" ಎಂದು ಕೇಳಿದೆನಂತೆ. ಅವರು ಪಾಪ, ಆಪರೇಷನ್ನಿಗೆ ಹೊರಟವರು. ನರ್ಸನ್ನು ಸರಸತ್ತೆ ಎಂದು ಕರೆದೆನಂತೆ. ಸರಸತ್ತೆ, ನನ್ನ ಅಪ್ಪನ ತಂಗಿ, ತೀರಿಹೋಗಿ ಎಷ್ಟೋ ವರ್ಷವಾಗಿದೆ. ಮನೆಗೆ ಬಂದ ಮೇಲೆ ಪರೀಕ್ಷೆಗಳು ಶುರುವಾದವು. ನೋಡಲು ಬಂದವರೆಲ್ಲ ಕುರ್ಚಿ ಎಳೆದು ಕೂತು, "ನಾನು ಯಾರು ಹೇಳಿ ನೋಡುವ" ಎನ್ನುವರು. ಹೆಸರು ಹೇಳಿದರೆ ಚಪ್ಪಾಳೆ. ಹೇಳದಿದ್ದರೆ ಶಶಿಕಲಾಳನ್ನು ಅಡುಗೆಮನೆಗೆ ಕರೆದುಕೊಂಡು ಹೋಗಿ ಪಿಸಪಿಸ. ಕೊನೆಗೆ ನಾನು ಎಲ್ಲರಿಗೂ "ನಿಮ್ಮನ್ನು ಮರೆಯಲಿಕ್ಕುಂಟಾ!" ಎಂದು ಹೇಳಲು ಕಲಿತೆ. ಎಷ್ಟು ಜನ ಅದರಲ್ಲೇ ಸಮಾಧಾನಪಟ್ಟು ಬಾಳೆಹಣ್ಣು ಇಟ್ಟು ಹೋದರು!

ಮೂಗು ಹೋಯಿತು. ಹಾಲು ಸೀದರೆ, ಗ್ಯಾಸು ಸೋರಿದರೆ ನನಗೆ ತಿಳಿಯುವುದಿಲ್ಲ, ಅದಕ್ಕೇ ಮನೆಯಲ್ಲಿ ಒಬ್ಬನೇ ಇದ್ದಾಗ ಒಲೆ ಮುಟ್ಟುವಂತಿಲ್ಲ. ಮಾತ್ರೆ ತಿಂದೆನೋ ಇಲ್ಲವೋ ತಿಳಿಯಲು ಮಾತ್ರೆ ಬಿಚ್ಚಿದ ಖಾಲಿ ಕವಚವನ್ನು ಜೇಬಿನಲ್ಲಿಟ್ಟುಕೊಳ್ಳುತ್ತೇನೆ. ಆಮೇಲೆ ಅದು ನಿನ್ನೆಯದೋ ಇವತ್ತಿನದೋ ಎಂಬ ಹೊಸ ಹೆದರಿಕೆ. ಎರಡು ಜನ ಒಟ್ಟಿಗೆ ಮಾತಾಡಿದರೆ ಸಿಟ್ಟು ಬರುತ್ತದೆ. ಒಮ್ಮೆ ಗಂಜಿಯ ಬಟ್ಟಲನ್ನು ಗೋಡೆಗೆ ಎಸೆದಿದ್ದೇನೆ. ಅದು ಮಾತ್ರ ಚೆನ್ನಾಗಿ ನೆನಪಿದೆ, ನೋಡಿ.

ಇನ್ನೊಂದು ಉಂಟು. ಕುಕ್ಕರ್ ವಿಸಿಲ್ ಹಾಕಿದರೆ ನಾನು ಎಲ್ಲಿದ್ದರೂ ಪಕ್ಕದ ಬಾಗಿಲನ್ನೋ ಕಂಬವನ್ನೋ ಗಟ್ಟಿ ಹಿಡಿದುಕೊಳ್ಳುತ್ತೇನೆ. ಇದು ಯಾಕೆ ಮುಖ್ಯವೆಂದು ತಿಳಿಯಬೇಕಾದರೆ ಹಸನಾಕನ ವಿಷಯ ಹೇಳಬೇಕು.

ಹಸನಾಕ ಅಂದು ಬಸ್ಸು ಓಡಿಸುತ್ತಿದ್ದವರು. ಹಸನ್ ಎಂದು ಹೆಸರು, ಲೈನಿನಲ್ಲಿ ಎಲ್ಲರಿಗೂ ಹಸನಾಕ. ಹನ್ನೊಂದು ವರ್ಷ ಅವರು ಮುಂದೆ, ನಾನು ಹಿಂದೆ. ನಾನು ಬಿದ್ದ ದಿನದಿಂದ ಅವರು ಸ್ಟೇರಿಂಗ್ ಮುಟ್ಟಿಲ್ಲ. ಉಪ್ಪಳದಲ್ಲಿ ಭಾವನ ಚಪ್ಪಲಿ ಅಂಗಡಿಯಲ್ಲಿ ಕೂತು, ಬಂದವರ ಕಾಲು ನೋಡುತ್ತಾರೆ. ಶುಕ್ರವಾರ ನಮಾಜು ಮುಗಿಸಿ, ರಸ್ಕಿನ ಪೊಟ್ಟಣ ಹಿಡಿದು ನಮ್ಮಲ್ಲಿಗೆ ಬರುತ್ತಾರೆ. "ನಾನು ಯಾರು ಹೇಳು" ಎಂದು ಕೇಳದ ಒಬ್ಬರೇ ಒಬ್ಬರು. ನಮ್ಮಿಬ್ಬರ ಮಾತು ತುಳುವಿನಲ್ಲಿ. ಇಲ್ಲಿ ಕನ್ನಡದಲ್ಲಿ ಬರೆಯುವಾಗ ಇನ್ನಷ್ಟು ಸುಳ್ಳು ಸೇರುತ್ತಿರಬಹುದು, ತಡೆದುಕೊಳ್ಳಿ.

ಮೊನ್ನೆ ಶುಕ್ರವಾರ ಅವರು ರಸ್ಕನ್ನು ಚಹಾದಲ್ಲಿ ಅದ್ದಿ, ಅದು ಮುರಿದು ಬೀಳುವವರೆಗೂ ಹಿಡಿದುಕೊಂಡಿದ್ದರು. ಆಮೇಲೆ ಹೇಳಿದರು:

"ಬಸ್ಸಿನ ಧಣಿ ಕರೆದಿದ್ದಾರೆ. ಮೀಂಜದ ಲೈನಿಗೆ ಡ್ರೈವರ್ ಇಲ್ಲ. ಭಾನುವಾರದ ಒಳಗೆ ಹೇಳಬೇಕಂತೆ."

"ಹೋಗಿ ಮತ್ತೆ."

"ಹೋಗುವುದು ಹೇಗೆ ಮಾರಾಯ? ಮೊದಲು ನೀನು ಒಂದು ಹೇಳು. ಅವತ್ತು ಬೆಲ್ಲು ಕೊಟ್ಟಿದ್ದಿಯಾ?"

ಇಷ್ಟು ತಿಂಗಳು ಅವರು ನುಂಗಿಕೊಂಡಿದ್ದ ಪ್ರಶ್ನೆ. ಹಸನಾಕ ನಮ್ಮ ಬಸ್ಸಿಗೆ ಬರುವ ಮೊದಲು ಎಂಟು ವರ್ಷ ಮಂಗಳೂರು ಲೈನಿನಲ್ಲಿ, ವಿಸಿಲ್ ಬಸ್ಸಿನಲ್ಲಿ ಇದ್ದವರು. ಅಂದು ನಮ್ಮ ಹಿಂದೆ ಒಂದು ಮಂಗಳೂರು ಬಸ್ಸು ನಿಂತಿತ್ತು. ಅದರ ಕಂಡಕ್ಟರ್ ವಿಸಿಲ್ ಊದಿದ್ದನಂತೆ.

"ನನ್ನ ಕಿವಿ ಬೆಲ್ಲು ಕೇಳಿತಾ, ಕಾಲು ವಿಸಿಲು ಕೇಳಿತಾ, ಅದು ನನಗೆ ಗೊತ್ತಾಗುವುದಿಲ್ಲ. ಕ್ಲಚ್ಚಿನಿಂದ ಕಾಲು ಎದ್ದದ್ದು ಮಾತ್ರ ಗೊತ್ತು. ಬೇರೆ ಬಸ್ಸಿನ ವಿಸಿಲಿಗೆ ಎದ್ದ ಕಾಲಾದರೆ, ಅದನ್ನು ಇನ್ನು ಪೆಡಲಿನ ಮೇಲೆ ಇಡಲಿಕ್ಕಿಲ್ಲ."

ಒಳಗಿನಿಂದ ಶಶಿಕಲಾ ಹೇಳಿದಳು: "ಆಸ್ಪತ್ರೆಯಲ್ಲಿ ಇವರೇ ಹೇಳಿದ್ದಾರಲ್ಲ, ಬೆಲ್ಲು ಕೊಟ್ಟೆ, ಬೆಲ್ಲು ಕೊಟ್ಟೆ ಅಂತ."

"ಅದೇ ದಿವಸ ನರ್ಸಿಗೆ ಅತ್ತೆ ಅಂತಲೂ ಹೇಳಿದ್ದಾನೆ ತಂಗಿ," ಎಂದರು ಹಸನಾಕ.

ಭಾನುವಾರ ಬನ್ನಿ, ಆಲೋಚಿಸಿ ಹೇಳುತ್ತೇನೆ ಎಂದೆ. ಆಲೋಚಿಸಿದರೆ ಸಿಗುವ ವಸ್ತುವೋ ಎಂಬಂತೆ. ಎರಡು ದಿನ ಬೇರೇನೂ ಮಾಡಲಿಲ್ಲ. ಒಂದು ಕಾಲು ರಸ್ತೆಯಲ್ಲಿ, ಒಂದು ಕಾಲು ಮೆಟ್ಟಿಲಲ್ಲಿ ಇಟ್ಟುಕೊಂಡೇ ಕೈ ಚಾಚಿ ಬೆಲ್ಲು ಕೊಡುವುದು ನನ್ನ ಶೋಕಿಯಾಗಿತ್ತು. ಓಡುವ ಬಸ್ಸಿಗೆ ಹಾರಿ ಹತ್ತಿದರೆ ಕಾಲೇಜಿನ ಮಕ್ಕಳು ನೋಡುತ್ತಾರೆಂಬ ಬಡಿವಾರ, ನಲವತ್ತೈದರ ಹೊಟ್ಟೆ ಹೊತ್ತುಕೊಂಡು. ಹಾಗೆ ಮಾಡಿದ್ದರೆ ತಪ್ಪೆಲ್ಲ ನನ್ನದೇ. ಹಗ್ಗದ ಜಿಡ್ಡು ಈಗಲೂ ಅಂಗೈಗೆ ತಿಳಿಯುತ್ತದೆ. ಆದರೆ ಅದು ಆ ದಿನದ ಜಿಡ್ಡೋ, ಹತ್ತೊಂಬತ್ತು ವರ್ಷದ ಜಿಡ್ಡೋ? ಹಾಗಾದರೆ ಕುಕ್ಕರಿಗೆ ಬೆದರುವುದು ಯಾಕೆ? ಬೀಳುವ ಮುಂಚೆ ವಿಸಿಲ್ ಕೇಳಿದ್ದರಿಂದಲೋ, ಆಮೇಲೆ ಯಾರದೋ ಬಾಯಿಂದ ವಿಸಿಲಿನ ಕತೆ ಕೇಳಿದ್ದರಿಂದಲೋ? ವ್ಯಾಯಾಮ ಕಲಿಸಲು ಬರುವ ಹುಡುಗಿ ಒಮ್ಮೆ ಹೇಳಿದ್ದಳು, ಮೆದುಳು ಖಾಲಿ ಜಾಗವನ್ನು ಖಾಲಿ ಬಿಡುವುದಿಲ್ಲ, ಸಿಕ್ಕಿದ್ದನ್ನು ತುಂಬಿಸುತ್ತದೆ ಎಂದು. ರಶ್ಶಿನ ಹೊತ್ತಿನ ಬಸ್ಸಿನ ಹಾಗೆ ಎಂದು ನಾನು ನಕ್ಕಿದ್ದೆ. ಈಗ ನಗು ಬರುವುದಿಲ್ಲ.

ಹೂಂ, ಕೊಟ್ಟಿದ್ದೆ ಎಂದರೆ ಮುಗಿಯಿತು. ಇಂದು ಮಧ್ಯಾಹ್ನದವರೆಗೂ ಹಾಗೇ ಹೇಳುವುದೆಂದು ನಿಶ್ಚಯಿಸಿದ್ದೆ. ನಾಲ್ಕು ಗಂಟೆಗೆ ಹಸನಾಕ ಬಂದರು. ಈ ಸಲ ರಸ್ಕು ತಂದಿರಲಿಲ್ಲ, ಕೂರಲೂ ಇಲ್ಲ. ಅವರ ಮುಖ ನೋಡಿದ ಮೇಲೆ ನನ್ನ ಬಾಯಿಂದ ಬಂದದ್ದು ಬಟ್ಟೆಯ ಹಗ್ಗದ ಕತೆ.

"ಅಂದರೆ ಕೊಟ್ಟಿದ್ದಿ!" ಎಂದರು. "ಕೈಗೆ ಗೊತ್ತುಂಟಲ್ಲ!"

"ಇದು ಇವತ್ತಿನ ಕೈ ಹಸನಾಕ. ಯಾವ ಹಗ್ಗ ಸಿಕ್ಕಿದರೂ ಎಳೆಯುತ್ತದೆ. ಅವತ್ತಿನದ್ದು ನನಗೆ ಗೊತ್ತಿಲ್ಲ."

ಅವರು ಅಂಗಳಕ್ಕೆ ಇಳಿದು ಆ ಹಗ್ಗದ ಕೆಳಗೆ ನಿಂತರು. ಲುಂಗಿ ಒಣಗಿತ್ತು.

"ಕೊಟ್ಟೆ ಅಂತ ಒಂದು ಸುಳ್ಳು ಹೇಳಿದ್ದರೆ ನಿನ್ನ ಗಂಟೇನು ಹೋಗುತ್ತಿತ್ತು ಮಾರಾಯ?"

"ನೀವು ನಂಬುತ್ತಿದ್ದಿರಾ?"

"ಇಲ್ಲ," ಎಂದರು. ಲುಂಗಿಯನ್ನು ಹಗ್ಗದಿಂದ ಇಳಿಸಿ ನನ್ನ ಕೈಗೆ ಕೊಟ್ಟು, "ನಾಳೆ ನೀನು ಬಸ್ಸಿಗೆ ಬರುತ್ತಿಯಾ? ಬಂದರೆ ಧಣಿಗೆ ಹೂಂ ಎನ್ನುತ್ತೇನೆ. ನನ್ನ ಹಿಂದಿನ ಸೀಟು. ಎರಡೂ ಕಾಲು ಒಳಗೆ. ನೀನು ಕೂತದ್ದು ಕನ್ನಡಿಯಲ್ಲಿ ಕಂಡರೆ ಹೊರಡುತ್ತೇನೆ. ಬೆಲ್ಲು ಹೊಡೆದುಕೊಂಡಿರಲಿ."

ಬಿದ್ದ ಮೇಲೆ ನಾನು ಬಸ್ಸು ಹತ್ತಿಲ್ಲ. ಗೇಟಿನ ಹತ್ತಿರ ಬಸ್ಸಿನ ಸದ್ದು ಕೇಳಿದರೆ ಒಳಗೆ ಬರುತ್ತೇನೆ. ಆದರೂ ಹೂಂ ಎಂದೆನಂತೆ. ಶಶಿಕಲಾ ಕೂಡಲೇ ಕ್ಯಾಲೆಂಡರಿನಲ್ಲಿ ಬರೆದಳು, ನಾಳೆ ಬೆಳಿಗ್ಗೆ ನಾನು ಅಲ್ಲಗಳೆಯದಂತೆ: ಎಂಟು ಗಂಟೆ, ಹಸನಾಕನ ಬಸ್ಸು. ಅದರ ಕೆಳಗೆ ನನ್ನ ರುಜು ಬೇರೆ ಹಾಕಿಸಿದಳು. ರುಜು ಸೊಟ್ಟಗಿದೆ, ಆದರೆ ನನ್ನದೇ.

ಈಗ ಅದನ್ನು ನೋಡುತ್ತಾ ಕೂತಿದ್ದೇನೆ. ನಾಳೆ ಹತ್ತುತ್ತೇನೆ ಎಂದುಕೊಂಡಿದ್ದೇನೆ. ಅಂದು ಬೆಲ್ಲು ಕೊಟ್ಟೆನೋ ಇಲ್ಲವೋ, ಅದು ನನಗೆ ಗೊತ್ತಿಲ್ಲ.