ಹಲಸಿನ ಮರಕ್ಕೆ ಒಂದು ಸುತ್ತು

ಏಪ್ರಿಲ್ ತಿಂಗಳ ಸೆಕೆಯಲ್ಲಿ ಊರಿನ ಗಂಡಸರೆಲ್ಲ ಬರಿಮೈಯಲ್ಲಿ ಹೆಗಲ ಮೇಲಿನ ಬೈರಾಸು ಬೀಸಿಕೊಳ್ಳುತ್ತ ಕೂತಿರುವಾಗ, ಪಕ್ಕದ ಮನೆಯ ಸುಬೇದಾರಜ್ಜ ಮಾತ್ರ ಎಡಗಾಲಿಗೆ ದಪ್ಪ ಉಣ್ಣೆಯ ಕಾಲುಚೀಲ ಹಾಕಿಕೊಂಡು ಅಂಗಳದಲ್ಲಿ ತಿರುಗಾಡುತ್ತಿದ್ದರು. ಆ ಪಾದದ ಎರಡು ಬೆರಳನ್ನು ಕಾಶ್ಮೀರದ ಹಿಮ ತಿಂದಿತ್ತು. "ಇಷ್ಟು ವರ್ಷ ಆಯ್ತು, ಈ ಕಾಲಿಗೆ ಇನ್ನೂ ಚಳಿ ಬಿಟ್ಟಿಲ್ಲ ಮಾರಾಯ್ತಿ" ಎನ್ನುತ್ತಿದ್ದರು.

ಮೂಲ ಸುಳ್ಯದ ಕಡೆಯವರು. ಮನೆಯೊಳಗೆ ಅರೆಭಾಷೆ, ನನ್ನ ಉಮ್ಮನ ಹತ್ತಿರ ತುಳು, ನನ್ನ ಹತ್ತಿರ ಕನ್ನಡ. ಸೈನ್ಯದಿಂದ ನಿವೃತ್ತರಾದ ಮೇಲೆ ನಮ್ಮೂರು ಪೆರಾಬೆಯಲ್ಲಿ ಜಾಗ ತೆಗೆದುಕೊಂಡು ನಮ್ಮ ಬೇಲಿಯಾಚೆಗೇ ಬಂದರು. ಸೈನ್ಯದಲ್ಲಿ ಅವರೊಂದು ವಿಚಿತ್ರ ಆಟದ ಸ್ಪರ್ಧಿಯಾಗಿದ್ದರಂತೆ. ಕಾಲಿಗೆ ಎರಡು ಉದ್ದ ಹಲಗೆ ಕಟ್ಟಿಕೊಂಡು, ಬೆನ್ನಿಗೆ ಬಂದೂಕು ಏರಿಸಿ ಹಿಮದ ಮೇಲೆ ಜಾರಿಕೊಂಡು ಹೋಗುವುದು, ನಡುವೆ ನಿಂತು ಗುರಿಗೆ ಹೊಡೆಯುವುದು. ತಪ್ಪಿದ ಒಂದೊಂದು ಗುಂಡಿಗೂ ದಂಡವಾಗಿ ಒಂದು ಸುತ್ತು ಹೆಚ್ಚು ಜಾರಬೇಕು. ಹಿಮವನ್ನು ಫ್ರಿಜ್ಜಿನಲ್ಲಿ ಮಾತ್ರ ನೋಡಿದ್ದ ನನಗೆ ಇದೆಲ್ಲ ಬಂಡಲ್ ಅನಿಸುತ್ತಿತ್ತು.

ಪಿಯುಸಿಯಲ್ಲಿರುವಾಗ ಅವರ ಏರ್ ಗನ್ ಹಿಡಿಯುವ ಹುಚ್ಚು ನನಗೆ ಹತ್ತಿತು. ಅಜ್ಜ ಮೊದಲು ಉಮ್ಮನನ್ನು ಕೇಳಿದರು, ಆಮೇಲೆ ಹಳೆಯ ಮದುವೆ ಕಾಗದಗಳ ಹಿಂದೆ ಮಸಿಯಿಂದ ಕಪ್ಪು ಬೊಟ್ಟು ಇಟ್ಟು ಅಂಗಳದ ಬದಿಯಲ್ಲಿ ಗುಡ್ಡ ಕಡಿದು ನಿಲ್ಲಿಸಿದ ಮಣ್ಣಿನ ಬರೆಗೆ ಚುಚ್ಚಿದರು. "ಮದುವೆಗೆ ಹೋಗ್ಲಿಕ್ಕೆ ಉದಾಸೀನ, ಕಾಗದಕ್ಕೆ ಹೊಡೀಲಿಕ್ಕೆ ಭಾರೀ ಉಮೇದು" ಎಂದು ಅವರ ಹೆಂಡತಿ, ಅಜ್ಜಿ, ಒಳಗಿಂದಲೇ ಬೈದರು.

ಬೊಟ್ಟಿಗೆ ತಾಗದಿದ್ದರೆ ಅಂಗಳದಾಚೆಯ ಹಲಸಿನ ಮರಕ್ಕೆ ಒಂದು ಸುತ್ತು ಓಡಬೇಕು. ಓಡಿ ಬಂದು ಎದೆ ಡಬಡಬ ಹೊಡೆದುಕೊಳ್ಳುವಾಗಲೇ ಮತ್ತೆ ಗನ್ ಕೈಗೆ ಕೊಡುತ್ತಿದ್ದರು. ಮೊದಲ ವಾರ ನಾನು ಹೊಡೆದದ್ದಕ್ಕಿಂತ ಓಡಿದ್ದೇ ಹೆಚ್ಚು. ಶಾಲು ಬಿಗಿದುಕೊಂಡು ಮರ ಸುತ್ತುವ ನನ್ನನ್ನು ಕಂಡು ಮೀನಿನವ ಸ್ಕೂಟರ್ ನಿಲ್ಲಿಸಿದ.

"ಎಂತ ಸುಬೇದಾರ್ರೆ, ಹುಡುಗಿಗೆ ಹರಕೆ ಉಂಟಾ?"

"ಹೌದು ಮಾರಾಯ, ನಿನ್ನ ಬಂಗುಡೆಯ ರೇಟು ಇಳೀಲಿ ಅಂತ!"

ಸುತ್ತು ಮುಗಿಸಿ ಬಂದಾಗ ಅಜ್ಜ ಕೊಟ್ಟ ಗನ್ನನ್ನು ಸಿಟ್ಟಿನಿಂದ ಕೆಳಗಿಟ್ಟೆ. ಅಜ್ಜ ನಕ್ಕರು. "ಹಾಗೇ. ಮನಸ್ಸು ಸರಿ ಇಲ್ಲದಿದ್ರೆ ಕೆಳಗಿಡ್ಬೇಕು. ನಾನು ಇಡ್ಲಿಲ್ಲ, ಅದಕ್ಕೇ ಸೋತದ್ದು." ಅವರ ಕೊನೆಯ ದೊಡ್ಡ ಸ್ಪರ್ಧೆಯ ಕಥೆ ಅದು. ಜಾರುವುದರಲ್ಲಿ ಎಲ್ಲರಿಗಿಂತ ಮುಂದೆ ಬಂದಿದ್ದರು. ಗೆದ್ದೇಬಿಟ್ಟೆ ಎಂಬ ಗಡಿಬಿಡಿಯಲ್ಲಿ ಉಸಿರು ಇಳಿಯುವ ಮೊದಲೇ ಹೊಡೆದರು. ಒಂದೂ ತಾಗಲಿಲ್ಲ. ದಂಡದ ಸುತ್ತು ಜಾರುತ್ತಿರುವಾಗ ಉಳಿದವರೆಲ್ಲ ಪಕ್ಕದಲ್ಲೇ ದಾಟಿಹೋದರು. "ಗನ್ ಕೆಳಗಿಡ್ಲಿಕ್ಕೆ ನಾಚಿಕೆ ಎಂತದ್ದು ಮಗಾ? ನನಗೆ ಅದು ಆಗ ಗೊತ್ತಿರ್ಲಿಲ್ಲ."

ಡಿಗ್ರಿಗೆ ಬಂದಾಗ ಗಲ್ಫಿನಲ್ಲಿದ್ದ ನನ್ನ ಉಪ್ಪ, ಅಂದರೆ ಅಪ್ಪ, ಫೋನಿನಲ್ಲಿ ಖಡಾಖಂಡಿತ ಹೇಳಿದರು: ವಿಶ್ವವಿದ್ಯಾಲಯದ ತಂಡಕ್ಕೆ ಆಯ್ಕೆಯಾದರೆ ಮುಂದುವರಿಸು, ಇಲ್ಲವಾದರೆ ಈ ಕೋವಿ ಗೀವಿ ಎಲ್ಲ ಅಲ್ಲಿಗೇ ಬಿಡು. ಆಯ್ಕೆಯ ದಿನ ಮಂಗಳೂರಿನಲ್ಲಿ ನನ್ನ ಕೊನೆಯ ಗುಂಡು ಬಾಕಿ ಇತ್ತು. ಗುರಿ ಬೊಟ್ಟಿನ ಮೇಲೆ ನಿಲ್ಲುತ್ತಿರಲಿಲ್ಲ. ಸಮಯ ಮುಗಿಯುತ್ತಾ ಬಂದಿತ್ತು. ನಾನು ರೈಫಲ್ ಕೆಳಗಿಟ್ಟೆ. ಹಿಂದಿನಿಂದ ಯಾರೋ "ಅಯ್ಯೋ, ಇವಳದ್ದು ಮುಗೀತು" ಎಂದದ್ದೂ ಕೇಳಿತು. ಕಣ್ಣು ಮುಚ್ಚಿ ಉಸಿರು ಇಳಿಯುವವರೆಗೆ ನಿಂತೆ. ಮತ್ತೆ ಎತ್ತಿದೆ, ಹೊಡೆದೆ. ತಂಡದಲ್ಲಿ ಕೊನೆಯ ಹೆಸರು ನನ್ನದಾಯಿತು.

ಬಸ್ಸಿಳಿದು ಸೀದಾ ಅಜ್ಜನ ಮನೆಗೆ ಓಡಿದೆ. ಅವರು ಎಲ್ಲ ಕೇಳಿಸಿಕೊಂಡರು. ಎದ್ದುಹೋಗಿ ಆ ಕಾಲುಚೀಲದ ಕಾಲಲ್ಲೇ ಹಲಸಿನ ಮರಕ್ಕೆ ಒಂದು ಸುತ್ತು ಬಂದರು! ಅಜ್ಜಿ ತಲೆಗೆ ಕೈ ಕೊಟ್ಟು ನಕ್ಕರು. ಉಪ್ಪ ಮರುತಿಂಗಳೇ ನನಗೆ ಸ್ವಂತ ಏರ್ ರೈಫಲ್ ಕೊಡಿಸಿದರು.

ಕಳೆದ ಚುನಾವಣೆಯ ಹೊತ್ತಿಗೆ ಅಜ್ಜ ತೀರಿಕೊಂಡರು. ಮನೆಯಲ್ಲಿ ಸಾವಾದರೆ ಕೋವಿ ಹೊಡೆದು ಊರಿಗೆ ತಿಳಿಸುವುದು ಅವರ ಮನೆತನದ ಕ್ರಮ. ಆದರೆ ಚುನಾವಣೆ ಬಂತೆಂದರೆ ಇಲ್ಲಿ ಬೆಳೆ ಕಾಯುವ ಲೈಸೆನ್ಸಿನ ಕೋವಿಗಳೆಲ್ಲ ಜಾಗ್ರತೆಗೆಂದು ಪೊಲೀಸ್ ಠಾಣೆಗೆ ಹೋಗುತ್ತವೆ. ಅವರದ್ದೂ ಹೋಗಿತ್ತು, ನೆಂಟರದ್ದೂ ಹೋಗಿತ್ತು; ಹಳೆಯ ಏರ್ ಗನ್ ಕೆಟ್ಟು ಮೂಲೆ ಸೇರಿತ್ತು. ಜೀವಮಾನವಿಡೀ ಬಂದೂಕು ಹಿಡಿದ ಮನುಷ್ಯನಿಗೆ ಒಂದು ಗುಂಡಿಲ್ಲ. ಪಟಾಕಿ ತರುವ ಎಂದು ಅವರ ಮಗ ಹೊರಟಾಗ ಅಜ್ಜಿ ತಡೆದರು. ನನ್ನ ಕಡೆ ತಿರುಗಿ, "ನಿನ್ನ ಏರ್ ರೈಫಲ್ ಮನೆಯಲ್ಲಿ ಉಂಟಲ್ಲ?" ಎಂದರು.

"ಅಜ್ಜಿ, ಅದರ ಶಬ್ದ ಗೇಟಿನವರೆಗೂ ಹೋಗುದಿಲ್ಲ."

"ಅವರಿಗೆ ಕೇಳಿದ್ರೆ ಸಾಕು."

ಮನೆಗೆ ಹೋಗಿ ರೈಫಲ್ ತಂದೆ. ಅಂಗಳದಲ್ಲಿ ಅಜ್ಜನ ಕಾಲಬುಡದಲ್ಲಿ ನಿಂತು ಆಕಾಶಕ್ಕೆ ಎತ್ತಿದೆ. ಅಳು ನಿಲ್ಲುತ್ತಲೇ ಇಲ್ಲ. ಹೆಣ ಎತ್ತಲು ಬಂದವರು, ಜೋಯಿಸರು ಹೇಳಿದ ಹೊತ್ತು ಮೀರುತ್ತದೆ ಎಂದು ಚಡಪಡಿಸಿದರು. ಅಜ್ಜಿ ಅವರತ್ತ ಕೈ ಅಡ್ಡ ಹಿಡಿದರು.

"ಅವಳ ಉಸಿರು ಇಳೀಲಿ. ಅಷ್ಟರವರೆಗೆ ಅವರು ಕಾಯ್ತಾರೆ."